ಕಾಫಿ ಅಂದ್ರ?

ಉತ್ತರ ಬೇಕಿಲ್ಲದ ಪ್ರಶ್ನೆ ಕೇಳುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಿರುವವರನ್ನು "ಬಂದ್ರಾ?" ಎನ್ನುತ್ತೇವೆ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡವರನ್ನು "ಸ್ನಾನ ಆಯ್ತಾ?" ಎಂದು ವಿಚಾರಿಸುತ್ತೇವೆ. ನಿದ್ದೆಗಣ್ಣಲ್ಲಿ ಫೋನ್ ಎತ್ತಿ ಗೊಗ್ಗರು ದನಿಯಲ್ಲಿ ಹಲೋ ಎಂದವನನ್ನು "ಮಲಗಿದ್ಯಾ?" ಎಂದು ಕೇಳಿ, ಅವನು "ಇಲ್ಲ ಇಲ್ಲ, ಹೇಳಿ" ಎಂದು ಸುಳ್ಳು ಹೇಳಿದ ಮೇಲೆ ಸಮಾಧಾನವಾಗಿ ಮಾತು ಮುಂದುವರಿಸುತ್ತೇವೆ. ಈ ಪ್ರಶ್ನೆಗಳಿಗೆಲ್ಲ ಹಿರಿಯಣ್ಣ "ಊಟ ಆಯ್ತಾ?" ಎಂಬುದು. ಅದಕ್ಕೆ ಹಸಿದವನೂ "ಆಯ್ತು" ಎನ್ನುತ್ತಾನೆ, ಹೊಟ್ಟೆ ಬಿರಿಯ ಉಂಡವನೂ "ಇನ್ನು ಆಗ್ಬೇಕಷ್ಟೆ" ಎನ್ನುತ್ತಾನೆ. ಕೇಳಿದವನು ಎರಡನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಒಬ್ಬ ಡಾಕ್ಟರು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಕೈಯಲ್ಲಿ ಫೈಲು ಹಿಡಿದುಕೊಂಡು, ಇದೇ ಧಾಟಿಯಲ್ಲಿ ಕೇಳಿದರೆ ತೊಂದರೆಯಿದೆ. ಹಾಗೆ ಕೇಳಿದ ಡಾಕ್ಟರು ನಾನೇ. ಈ ವಿಷಯವನ್ನು ನಮ್ಮ ಹಾಸ್ಟೆಲಿನಲ್ಲಿ ತಮಾಷೆಯಾಗಿ ಹೇಳಿ ಹಲವು ಸಲ ನಗಿಸಿದ್ದೇನೆ. ತಮಾಷೆಯಲ್ಲದ ಭಾಗವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಾನು ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ ಸರ್ಜರಿ ಕಲಿಯುತ್ತಿರುವವನು. ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷದ ಸ್ನಾತಕೋತ್ತರ ಓದಿನ ನಡುವಿನ ವರ್ಷದಲ್ಲಿದ್ದೇನೆ. ಊರು ಮೂರ್ನಾಡು. ಸರ್ಜರಿ ಕಲಿಯುವವರಿಗೆ ಒಂದು ರೋಗವಿದೆ, ಅದು ಕೈಗೆ ಸಂಬಂಧಿಸಿದ್ದು. ನಮ್ಮ ಕೈಗಳನ್ನು ನಾವೇ ಮೆಚ್ಚಿಕೊಳ್ಳುತ್ತೇವೆ. ಹಾಸ್ಟೆಲಿನ ನನ್ನ ಕುರ್ಚಿಯ ಕೈಗೆ, ಬಕೆಟ್ಟಿನ ಹಿಡಿಗೆ, ಕಿಟಕಿಯ ಸರಳಿಗೆ ನಾನು ಕಟ್ಟಿದ ದಾರದ ಗಂಟುಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿರುತ್ತವೆ. ಸ್ನಾನಕ್ಕೆ ಹೊರಟ ರೂಮ್‌ಮೇಟ್ ಒಮ್ಮೆ ಬಕೆಟ್ ಎತ್ತಲು ಹೋಗಿ, ಅದು ನಲ್ಲಿಗೆ ಕಟ್ಟಿಹಾಕಿಕೊಂಡಿದ್ದನ್ನು ಕಂಡು, ನನ್ನ ವಂಶವನ್ನೆಲ್ಲ ನೆನೆದಿದ್ದ. ಇಂಥ ಕೈಗೆ ಒಂದು ಆಪರೇಷನ್ ಪೂರ್ತಿಯಾಗಿ ಸಿಗಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಅಲ್ಲಿಯವರೆಗೆ ನಾನು ಇನ್ನೊಬ್ಬರು ಕೊಯ್ಯುವಾಗ ಚರ್ಮ ಎಳೆದು ಹಿಡಿದವನು, ಇನ್ನೊಬ್ಬರು ಹೊಲಿದಾಗ ದಾರ ಕತ್ತರಿಸಿದವನು ಮಾತ್ರ. ಅದರಲ್ಲೂ ಉದ್ದ ಬಿಟ್ಟೆ, ಗಿಡ್ಡ ಮಾಡಿದೆ ಎಂದು ಬೈಸಿಕೊಂಡವನು.

ಹೀಗಿರುವಾಗ ನನ್ನನ್ನು ಒಂದು ತಿಂಗಳಿಗೆ ಅನಸ್ತೇಶಿಯಕ್ಕೆ, ಅಂದರೆ ಅರಿವಳಿಕೆ ವಿಭಾಗಕ್ಕೆ ಹಾಕಿದರು. ನಮ್ಮದಲ್ಲದ ವಿಭಾಗಕ್ಕೆ ಹೋಗಿ ಅವರ ಕೆಲಸ ಕಲಿತು ಬರಬೇಕೆಂಬುದು ನಿಯಮ. ನಿಯಮ ಮಾಡಿದವರ ಉದ್ದೇಶ ಏನೇ ಇರಲಿ, ನಾವು ಅದನ್ನು ಕರೆಯುವುದು ವಿಶ್ರಾಂತಿ ಎಂದು. ಥಿಯೇಟರಿನಲ್ಲಿ ರೋಗಿಯ ಕುತ್ತಿಗೆಯ ಹತ್ತಿರ ಅಡ್ಡವಾಗಿ ಒಂದು ಹಸಿರು ಬಟ್ಟೆ ಎತ್ತಿ ಕಟ್ಟಿರುತ್ತಾರೆ. ಅದರ ಈ ಕಡೆ ಹೊಟ್ಟೆ, ನಾವು. ಆ ಕಡೆ ತಲೆ, ಅವರು. ಆ ಕಡೆಯವರಿಗೆ ಕೂರಲು ಸ್ಟೂಲಿದೆ ಎಂಬುದೇ ನಮಗೆ ದೊಡ್ಡ ಅಸೂಯೆ. ಈ ಕಡೆಯಿಂದ ನಾವು "ಶುರು ಮಾಡ್ಲಾ?" ಎಂದು ಕೇಳುತ್ತೇವೆ, ಆ ಕಡೆಯಿಂದ ಅವರು "ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಾರೆ. ನಾವು ಯಾವಾಗಲೂ "ಐದೇ ನಿಮಿಷ" ಎನ್ನುತ್ತೇವೆ. ಅದು ಐದು ನಿಮಿಷವಲ್ಲ ಎಂಬುದು ರೋಗಿಯೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು.

ಅಲ್ಲಿ ನನ್ನನ್ನು ಒಪ್ಪಿಸಿದ್ದು ಶಾಂತಾ ಮೇಡಂ ಎಂಬ ಹಿರಿಯ ಡಾಕ್ಟರಿಗೆ. ಬಾಗಲಕೋಟೆ ಕಡೆಯವರು. ಕೊಡಗಿಗೆ ಬಂದು ಎಷ್ಟೋ ವರ್ಷವಾದರೂ ಅವರ ಮಾತು ಇಲ್ಲಿಯ ಮಳೆಗೆ ಒಂದಿಷ್ಟೂ ನೆನೆದಿಲ್ಲ. ಈ ಆಸ್ಪತ್ರೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲವೂ ಒಂದೇ ವಾರ್ಡಿನಲ್ಲಿ ಕೆಮ್ಮುತ್ತಿರುತ್ತವೆ, ಅದರ ನಡುವೆ ಮೇಡಂ ಒಂದೇ ಶಬ್ದ ಹಿಡಿದುಕೊಂಡು ಓಡಾಡುತ್ತಾರೆ. ಆ ಶಬ್ದ "ಅಂದ್ರ?" ಯಾರು ಏನು ಹೇಳಿದರೂ ಅವರು ಕೇಳುವುದು ಅದನ್ನೇ. "ಸ್ವಲ್ಪ ಸುಸ್ತು" ಎಂದರೆ "ಸ್ವಲ್ಪ ಅಂದ್ರ?" "ಆಗಾಗ ಎದೆ ಹಿಡೀತದೆ" ಎಂದರೆ "ಆಗಾಗ ಅಂದ್ರ?" ಸಿದ್ದಾಪುರದ ಎಸ್ಟೇಟ್ ಕೂಲಿಗಳ ಲೈನ್ ಮನೆಯಿಂದ ಬಂದಿದ್ದ ಮಲಯಾಳಿ ಹೆಂಗಸೊಬ್ಬಳು "ಸುಖಮಿಲ್ಲ" ಎಂದಾಗ, ನಾನು ಗಂಡನ ಜೊತೆ ಏನೋ ಮನಸ್ತಾಪವಿರಬೇಕೆಂದು ಗಂಭೀರವಾಗಿ ತಲೆದೂಗುತ್ತಿದ್ದೆ. ಮೇಡಂ "ಸುಖ ಇಲ್ಲ ಅಂದ್ರ?" ಎಂದು ಕೇಳಿದ್ದರಿಂದ ಅವಳಿಗೆ ಮೂರು ದಿನದಿಂದ ಜ್ವರ ಇರುವುದು ಗೊತ್ತಾಯಿತು.

ನಿಜ ಹೇಳಬೇಕೆಂದರೆ ಆ ಒಂದು ಶಬ್ದ ನನಗೆ ಎಂಟೇ ದಿನದಲ್ಲಿ ತಲೆನೋವಾಗಿತ್ತು. ಹೊರಗಿನಿಂದ ಬಂದವರು, ನಮ್ಮ ಜನರ ಮಾತು ಅರ್ಥವಾಗುವುದಿಲ್ಲ, ಅದಕ್ಕೇ ಎಲ್ಲದಕ್ಕೂ ಕೇಳುತ್ತಾರೆ ಎಂದುಕೊಂಡಿದ್ದೆ. ನನಗೆ ಕೇಳುವ ಅಗತ್ಯವಿಲ್ಲ, ನಾನು ಇಲ್ಲಿಯವನೇ ಎಂದು ಹೆಮ್ಮೆಯೂ ಇತ್ತು. ಆ ಹೆಮ್ಮೆಯನ್ನು ಮೊದಲು ಸ್ವಲ್ಪ ಇಳಿಸಿದ್ದು ನನ್ನ ಕೈಗಳೇ. ಪ್ರಜ್ಞೆ ತಪ್ಪಿದವರ ಗದ್ದವನ್ನು ಬೆರಳಿನಿಂದ ಮೇಲಕ್ಕೆ ಎತ್ತಿ, ಮುಖಕ್ಕೆ ಮಾಸ್ಕನ್ನು ಗಾಳಿ ಸೋರದಂತೆ ಒತ್ತಿ ಹಿಡಿಯಬೇಕು. ನೋಡಲು ಏನೂ ಇಲ್ಲ. ಬಕೆಟ್ಟನ್ನು ನಲ್ಲಿಗೆ ಬಿಗಿದ ನನ್ನ ಕೈಗಳಿಗೆ ಅದು ಬರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಬುಸ್ಸೆನ್ನುತ್ತಿತ್ತು. ಮೇಡಂ ಬೈಯಲಿಲ್ಲ. ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಜಾಗ ತೋರಿಸಿ, "ನೋಡಪಾ, ಆ ಕಡೆ ನಿಂತಾಗ ನಿಮಗ ಹೊಟ್ಟಿ ಕಾಣ್ತದ. ಈ ಕಡೆ ಕುಂತ್ರ ಮನಷ್ಯಾ ಕಾಣ್ತಾನ" ಎಂದರು. ಒಳ್ಳೆಯ ಮಾತು ಎಂದು ತಲೆಯಾಡಿಸಿ ಅಲ್ಲಿಯೇ ಬಿಟ್ಟೆ.

ಆ ವಾರವೇ ನಮ್ಮ ಸರ್ಜರಿ ಯೂನಿಟ್ಟಿನ ಚೀಫ್ ಸರ್ ನನ್ನನ್ನು ಕರೆದು, "ಮಂಗಳವಾರ ಒಂದು ಹರ್ನಿಯ ಇದೆ. ಆ ಒಂದು ಕೇಸಿಗೆ ಮಾತ್ರ ಪರದೆಯ ಈ ಕಡೆ ಬಾ. ಪೂರ್ತಿ ನೀನೇ ಮಾಡು, ನಾನು ಎದುರಿಗೆ ನಿಂತಿರ್ತೇನೆ" ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೋಗಿ ಕೊಡ್ಲಿಪೇಟೆ ಕಡೆಯ ಮಲ್ಲೇಶಪ್ಪ ಎಂಬ ಮುದುಕರು. ಹಿಂದೆ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಮೂಳೆ ಸೊಟ್ಟಗಾಗಿತ್ತು. ಹಾಗಾಗಿ ಎಲ್ಲರಿಗೂ ಕೊಡುವಂತೆ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವಂತಿರಲಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಬೇಕಿತ್ತು. ಪಾಪ, ಅದಕ್ಕೂ ಮೊದಲು ಅವರು ಎರಡು ಸಲ ಬಂದು ವಾಪಸ್ಸಾಗಿದ್ದರು. ಒಮ್ಮೆ ಬಿ.ಪಿ. ಹೆಚ್ಚಿತ್ತು, ಇನ್ನೊಮ್ಮೆ ಕೆಮ್ಮಿತ್ತು. ಸೋಮವಾರ ಸಂಜೆ ವಾರ್ಡಿಗೆ ಹೋಗಿ ನಾನೇ ಅವರನ್ನು ಕಂಡೆ. ಅವರ ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಸೆರಗು ಬಿಗಿದುಕೊಂಡು ಕೂತಿದ್ದರು. "ಈ ಸಲನಾದ್ರೂ ಆಯ್ತದಾ ಸ್ವಾಮಿ?" ಎಂದು ಮುದುಕರು ಕೇಳಿದರು. "ಆಗೇ ಆಗ್ತದೆ ಅಜ್ಜ, ನಾನಿದ್ದೇನಲ್ಲ" ಎಂದೆ. ಇವತ್ತು ರಾತ್ರಿಯದ್ದು ಮುಗಿಸಿದ ಮೇಲೆ ನಾಳೆ ಬೆಳಿಗ್ಗೆ ಊಟ ಮಾಡಬಾರದು ಎಂದೂ ಹೇಳಿದೆ. ಅವರು ತಲೆಯಾಡಿಸಿದರು. ನಾನು ಹೇಳಿದ್ದು ಇಷ್ಟೇ, ಇದೇ ಮಾತಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಎಂದಿನಂತೆ ಮೂರ್ನಾಡಿನಿಂದ ಅಮ್ಮ ಫೋನ್ ಮಾಡಿದರು. ನಮ್ಮ ಮನೆಯಲ್ಲಿ ಅರೆಭಾಷೆ. "ಕಾಫಿ ಆತಾ?" ಎಂದರು. "ಆತ್" ಎಂದೆ. ನಾನು ಆಗಷ್ಟೇ ಮೆಸ್ಸಿನಲ್ಲಿ ಎರಡು ತಟ್ಟೆ ಉಪ್ಪಿಟ್ಟು ತಿಂದು ಬಂದಿದ್ದೆ. ಅವತ್ತು ಮೆಸ್ಸಿನಲ್ಲಿ ಹಾಲು ಒಡೆದುಹೋಗಿ ಕಾಫಿಯೇ ಇರಲಿಲ್ಲ. ಆದರೂ ನಾನು "ಆತ್" ಎಂದೆ. ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಕಾಫಿ ಆಯಿತು ಎಂದರೆ ಬೆಳಗಿನ ತಿಂಡಿ ಆಯಿತು ಎಂದರ್ಥ. ರೊಟ್ಟಿಯೋ, ಕಡುಬೋ, ಪುಟ್ಟೋ ಹೊಟ್ಟೆಗೆ ಇಳಿಯಿತು ಎಂದರ್ಥ. ಹುಟ್ಟಿದಾಗಿನಿಂದ ಈ ಮಾತನ್ನು ಹೀಗೆಯೇ ಕೇಳಿದ್ದೇನೆ, ಹೀಗೆಯೇ ಹೇಳಿದ್ದೇನೆ.

ಎಂಟೂವರೆಗೆ ಮೇಡಂ ನನ್ನ ಕೈಗೆ ಆ ದಿನದ ಪಟ್ಟಿ ಕೊಟ್ಟು, ರೋಗಿಗಳನ್ನೆಲ್ಲ ಹೊಟ್ಟೆ ಖಾಲಿಯಿದೆಯೇ ಎಂದು ಕೇಳಿಕೊಂಡು ಬರಲು ಕಳಿಸಿದರು. ಮಲ್ಲೇಶಪ್ಪನವರು ಥಿಯೇಟರಿನ ಹೊರಗಿನ ಕೋಣೆಯಲ್ಲಿ ಹಸಿರು ಗೌನು ತೊಟ್ಟು, ಅದರ ಹಿಂದಿನ ಲಾಡಿ ಬಿಚ್ಚಿಹೋಗದಂತೆ ಗೋಡೆಗೆ ಒರಗಿ ಕೂತಿದ್ದರು. "ಅಜ್ಜ, ಊಟ ಆಯ್ತಾ?" ಎಂದೆ. "ಇಲ್ಲ ಸ್ವಾಮಿ. ಕಾಫಿ ಆಗೈತೆ ಅಷ್ಟೆ" ಎಂದರು. ನಾನು ಕೂಡಲೇ ಜಾಣತನದ ಪ್ರಶ್ನೆ ಕೇಳಿದೆ. "ಹಾಲು ಹಾಕಿತ್ತಾ?" ಹಾಲಿಲ್ಲದ ಕಾಫಿ ನೀರಿನ ಲೆಕ್ಕ, ಕುಡಿದು ಎರಡು ಗಂಟೆ ಕಳೆದರೆ ಪ್ರಜ್ಞೆ ತಪ್ಪಿಸಬಹುದು ಎಂದು ಹಿಂದಿನ ವಾರವಷ್ಟೇ ಕಲಿತಿದ್ದೆ. "ಹಾಲೆಲ್ಲಿ ಬಂತು, ಬೆಲ್ಲದ ಕಾಫಿ. ಆರು ಗಂಟೆಗೇ ಆಯ್ತು" ಎಂದರು. ನಾನು ಫೈಲಿನಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದೆ: ಕರಿ ಕಾಫಿ, ಆರು ಗಂಟೆಗೆ, ತೊಂದರೆಯಿಲ್ಲ. ಬರೆದು ಸಹಿ ಹಾಕಿ, ಕೈ ತೊಳೆಯುವ ಜಾಗಕ್ಕೆ ಹೋಗಿ ಮೊಣಕೈವರೆಗೆ ಉಜ್ಜತೊಡಗಿದೆ. ಅಷ್ಟು ಶ್ರದ್ಧೆಯಿಂದ ನಾನು ಮದುವೆಗೆ ಹೋಗುವಾಗಲೂ ಕೈ ತೊಳೆದವನಲ್ಲ.

ಅರೆತೆರೆದ ಗಾಜಿನ ಬಾಗಿಲಿನಾಚೆ ಮೇಡಂ ಫೈಲು ತೆರೆದದ್ದು ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಮೇಜಿನ ಮೇಲೆ ಮಲಗಿಸಿದ್ದ ಮುದುಕರ ತಲೆಯ ಹತ್ತಿರ ಬಗ್ಗಿ, "ಅಜ್ಜಾರ, ಮುಂಜಾನೆ ಕಾಫಿ ಕುಡ್ದೀರಂತ?" ಎಂದರು.

"ಹೂಂ ಕಣವ್ವ. ಬರ್ದವ್ರಲ್ಲ."

"ಕಾಫಿ ಅಂದ್ರ?"

ಮುದುಕರಿಗೆ ಈ ಹೆಂಗಸು ಯಾವ ಸೀಮೆಯವಳು ಎನ್ನಿಸಿರಬೇಕು. "ಕಾಫಿ ಅಂದ್ರೆ ಕಾಫಿ. ಎಲ್ರೂ ಕುಡಿಯೋ ಹಂಗೆ."

"ಅದರ ಜೋಡಿ ಏನ್ ತಗೊಂಡ್ರಿ?"

"ಕಾಫಿಗೆ ಏನಿರ್ತದೋ ಅದೇ. ಇಲ್ಲೇ ತಂಗಿ ಮನೆಯಿಂದ ನಮ್ಮೋಳು ತಂದಿದ್ಲು. ನಾಕು ಕಡುಬು, ಕಾಯಿ ಚಟ್ನಿ. ಐದನೇದು ಬ್ಯಾಡ ಅಂದೆ, ಆಪರೇಷನ್ ಐತಲ್ಲ ಅಂತ."

ಯಾರೋ ನರ್ಸು ಕಿಸಕ್ಕೆಂದು ನಕ್ಕರು. ಮೇಡಂ ನಗಲಿಲ್ಲ. "ಊಟ ಮಾಡಬ್ಯಾಡ್ರಿ ಅಂತ ಯಾರೂ ಹೇಳ್ಲಿಲ್ಲೇನ್ರಿ?" ಎಂದರು. "ಹೇಳಿದ್ರಲ್ಲ, ಮಾಡಿಲ್ಲ" ಎಂದರು ಮುದುಕರು, ಸ್ವಲ್ಪ ನೊಂದುಕೊಂಡೇ. "ಬೆಳಗಾನೆ ಯಾರಾದ್ರೂ ಊಟ ಮಾಡ್ತಾರಾ?"

ಆಪರೇಷನ್ ನಿಂತಿತು. ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆದರು. ನಾನು ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ನೀರು ಮೊಣಕೈಯಿಂದ ತೊಟ್ಟಿಕ್ಕುತ್ತ, ಯಾರಿಗೂ ಬೇಡವಾದವನಂತೆ ನಿಂತಿದ್ದೆ. ತಳ್ಳುಗಾಡಿಯಲ್ಲಿ ಹೊರಗೆ ಹೋಗುವಾಗ ಮಲ್ಲೇಶಪ್ಪನವರು ನನ್ನನ್ನು ನೋಡಿ, "ನಾನೇನು ತಪ್ಪು ಮಾಡ್ದೆ ಸ್ವಾಮಿ?" ಎಂದರು. ಬಾಗಿಲಾಚೆ ಅವರ ಹೆಂಡತಿ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಇಷ್ಟು ಬೇಗ ಗಂಡ ಹೊರಗೆ ಬಂದದ್ದನ್ನು ಕಂಡು ಆಯಮ್ಮ ಎದ್ದು ನಿಂತರು, ಆಪರೇಷನ್ ಮುಗಿಯಿತೆಂದು ಅವರ ಮುಖ ಅರಳಿತ್ತು. ಅದು ಮುಗಿದಿಲ್ಲ, ಇನ್ನು ಶುಕ್ರವಾರಕ್ಕೆ ಎಂದು ಹೇಳಬೇಕಾದವನು ನಾನು. ಹೇಳಿದೆ.  ಅವರು ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದರು. ನನಗೆ ಅವತ್ತು ಅಲ್ಲಿಂದ ಓಡಿಹೋಗಬೇಕೆನ್ನಿಸಿತ್ತು.

ಮಧ್ಯಾಹ್ನ ಮೇಡಂ ನನ್ನನ್ನು ಕೂರಿಸಿಕೊಂಡರು. ಪ್ರಜ್ಞೆ ತಪ್ಪಿಸಿದಾಗ ಗಂಟಲಿನ ಕಾವಲು ನಿಂತುಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಇದು ನನಗೆ ಗೊತ್ತೇ ಇತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಮೇಡಂ ಅದನ್ನು ಹೇಳಲಿಲ್ಲ. ತಾವು ಕಲಿಯುತ್ತಿದ್ದಾಗಿನ ಒಬ್ಬ ಮನುಷ್ಯನ ವಿಷಯ ಹೇಳಿದರು. "ಏನೂ ತಿಂದಿಲ್ರಿ ಅಂದಾ. ಏನೂ ಅಂದ್ರ ಅಂತ ನಾ ಕೇಳ್ಲಿಲ್ಲ. ನಾಕ್ ದಿನಾ ಉಳದಾ. ಆಮ್ಯಾಲ ಅವನ ಹೇಣ್ತಿ ನನಗ ಕೈ ಮುಗದು ಹೋದಳು, ಭಾಳ ಛಲೋ ನೋಡ್ಕೊಂಡ್ರಿ ಅಂತ." ಮುದುಕರ ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟರು. "ಬೈದಿದ್ರ ಮರೀತಿದ್ನೋ ಏನೋ" ಎಂದರು. ಅವರ ಆ ಒಂದು ಶಬ್ದವನ್ನು ನಾನು ಹಾಸ್ಟೆಲಿನಲ್ಲಿ ಅಣಕಿಸಿ ನಗಿಸುತ್ತಿದ್ದದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

ಆಮೇಲೆ ಅವರು ಕೇಳಿದರು. "ನಾ ಹೊರಗಿನಾಕಿ. ನೀ ಈ ಊರಾಂವ. ಕಾಫಿ ಅಂದ್ರ ಏನಂತ ನಿನಗ ಗೊತ್ತಿರ್ಲಿಲ್ಲೇನು?"

"ಹೊಳೀಲಿಲ್ಲ ಮೇಡಂ" ಎಂದೆ.

"ಹೊಳೀಲಿಲ್ಲ ಅಂದ್ರ?"

ಇದೇ ನಾನು ಯಾರಿಗೂ ಹೇಳದಿದ್ದ ಭಾಗ. ಹೊಳೆಯಲಿಲ್ಲ ಎಂಬುದು ನಿಜವೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮುದುಕರನ್ನು ಕೇಳುವ ಒಂದೂವರೆ ಗಂಟೆ ಮೊದಲಷ್ಟೇ ಅಮ್ಮನಿಗೆ, ಕಾಫಿಯನ್ನೇ ಕುಡಿಯದೆ, ಕಾಫಿ ಆಯಿತು ಎಂದು ಹೇಳಿದ್ದವನು ನಾನು. ಆ ಮಾತಿನ ಅರ್ಥ ಮೂರ್ನಾಡಿನಿಂದ ಮಡಿಕೇರಿಯವರೆಗೆ ಬರುವಷ್ಟರಲ್ಲಿ ಬದಲಾಗುವುದಿಲ್ಲ. ಮುದುಕರು "ಕಾಫಿ ಆಗೈತೆ" ಎಂದಾಗ ಒಳಗೆ ಎಲ್ಲೋ ಒಂದು ಸಣ್ಣ ಮುಳ್ಳು ಆಡಿದ್ದು ಇವತ್ತಿಗೂ ನೆನಪಿದೆ. ಇನ್ನೊಂದು ಪ್ರಶ್ನೆ ಕೇಳಿದರೆ ಇನ್ನೊಂದು ಉತ್ತರ ಬರುತ್ತದೆ, ಉತ್ತರ ಬಂದರೆ ನನ್ನ ಹರ್ನಿಯ ಹೋಗುತ್ತದೆ. ಅದಕ್ಕೇ ಹಾಲಿನ ಪ್ರಶ್ನೆಗೆ ನಿಲ್ಲಿಸಿದೆನೋ ಏನೋ. ಖಂಡಿತವಾಗಿ ಹಾಗೆಯೇ ಎಂದು ಹೇಳಲಾರೆ, ಖಂಡಿತ ಅಲ್ಲ ಎಂದೂ ಹೇಳಲಾರೆ. ಮೇಡಂ ಎದುರಿಗೆ ನಾನು ನನ್ನ ಕೈಗಳನ್ನು ನೋಡಿಕೊಂಡು ಕೂತೆ. ಅವರೂ ಒತ್ತಾಯ ಮಾಡಲಿಲ್ಲ.

ಶುಕ್ರವಾರದ ಹರ್ನಿಯವನ್ನು ಚೀಫ್ ಸರ್ ನನ್ನ ಜೊತೆಯ ನಿತಿನ್‌ಗೆ ಕೊಟ್ಟರು. ನನಗೆ "ನೀನು ಆ ಕಡೆಯೇ ಇರು" ಎಂದರು. ಗುರುವಾರ ಸಂಜೆ ನಾನು ವಾರ್ಡಿಗೆ ಹೋಗಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಬೆಳಿಗ್ಗೆ ಬಾಯಿಗೆ ಹೋಗಬಾರದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಕಾಫಿ, ಕಾಫಿಯ ಜೊತೆಗಿನದ್ದು, ರೊಟ್ಟಿಯ ಚೂರು, ಗಂಜಿಯ ತಿಳಿ, ಬಾಳೆಹಣ್ಣು, ಎಲೆಯಡಿಕೆ. "ಪ್ರಸಾದ?" ಎಂದು ಆಯಮ್ಮ ಕೇಳಿದರು. "ಪ್ರಸಾದ ಅಂದ್ರೆ?" ಎಂದೆ. ಸಜ್ಜಿಗೆಯಂತೆ. ಅದನ್ನೂ ಪಟ್ಟಿಗೆ ಸೇರಿಸಿದೆ.

ಮರುದಿನ ಮುದುಕರ ತಲೆಯ ಹತ್ತಿರ ಕೂತವನು ನಾನು. ಮುಖಕ್ಕೆ ಮಾಸ್ಕ್ ತರುವ ಮುಂಚೆ ಅವರು ನನ್ನ ಕೈ ಹಿಡಿದುಕೊಂಡರು. ಒರಟು ಕೈ, ತಣ್ಣಗಿತ್ತು. "ಏಳ್ತೀನಲ್ಲಾ?" ಎಂದರು. ಪರದೆಯ ಆ ಕಡೆಯಿಂದ ಇಷ್ಟು ದಿನ ನಾನು ನೋಡಿದ ಹೊಟ್ಟೆಗಳೆಲ್ಲ ಈ ಕಡೆಯಲ್ಲಿ ಇದೇ ಪ್ರಶ್ನೆ ಕೇಳಿರಬೇಕು, ನನಗೆ ಒಂದೂ ಕೇಳಿಸಿರಲಿಲ್ಲ. "ಏಳ್ತೀರಿ ಅಜ್ಜ. ಕಣ್ಣು ಬಿಟ್ಟಾಗ ನಾನೇ ಇರ್ತೇನೆ" ಎಂದೆ. ಅವರು ನಿದ್ದೆಗೆ ಜಾರಿದರು. ನಾನು ಗದ್ದ ಎತ್ತಿ ಹಿಡಿದೆ. ಮಾಸ್ಕ್ ಬುಸ್ಸೆನ್ನಲಿಲ್ಲ. ಆ ಕಡೆ ನಿತಿನ್ ಬೆವರುತ್ತಿದ್ದ. ಮೇಡಂ "ಇನ್ನೆಷ್ಟು ಹೊತ್ತು?" ಎಂದದ್ದಕ್ಕೆ ಅವನು "ಐದೇ ನಿಮಿಷ" ಎಂದಾಗ, ಮೇಡಂಗಿಂತ ಮೊದಲು ನಾನೇ "ಐದು ಅಂದ್ರೆ?" ಎಂದುಬಿಟ್ಟೆ. ಮೇಡಂ ನನ್ನ ಕಡೆ ನೋಡಲಿಲ್ಲ, ಆದರೆ ಅವರ ಮಾಸ್ಕಿನೊಳಗೆ ಏನೋ ಅಲ್ಲಾಡಿತು. ಮುದುಕರು ಎದ್ದರು. ಕಣ್ಣು ಬಿಟ್ಟಾಗ ನಾನೇ ಇದ್ದೆ.

ಇಲ್ಲಿಗೆ ಮುಗಿಸಿದ್ದರೆ ನಾನು ಸುಧಾರಿಸಿದೆ ಎಂದು ನೀವು ನಂಬುತ್ತಿದ್ದಿರಿ. ಮಲ್ಲೇಶಪ್ಪನವರು ಮನೆಗೆ ಹೊರಟ ದಿನ ನಾನು ವಾರ್ಡಿಗೆ ಹೋದೆ. ಅವರು ಹೆಂಡತಿಯನ್ನು ಕರೆದು, "ನೋಡೇ, ಆಪರೇಷನ್ ಮಾಡಿದ್ದು ಇವ್ರೇಯ. ಮಲಗೋವಾಗ್ಲೂ ಇವ್ರೇ, ಏಳೋವಾಗ್ಲೂ ಇವ್ರೇ. ಒಳ್ಳೆ ಕೈಗುಣ ಕಣೆ" ಎಂದರು. ಸುತ್ತಲಿನ ಮಂಚದವರೆಲ್ಲ ನನ್ನ ಕೈ ನೋಡಿದರು. ಅಷ್ಟು ವರ್ಷ ಗಂಟು ಕಟ್ಟಿದ ಕೈಗೆ ಮೊದಲ ಬಾರಿಗೆ ಸಿಕ್ಕಿದ ಮರ್ಯಾದೆ ಅದು. ಅಲ್ಲ ಅಜ್ಜ, ಮಾಡಿದ್ದು ನಿತಿನ್ ಎಂದು ಹೇಳಲು ಬಾಯಿ ತೆರೆದೆ. "ಪಥ್ಯ ಸರಿಯಾಗಿ ಮಾಡಿ" ಎಂಬ ಮಾತು ಬಂತು. ಆಯಮ್ಮ ನನ್ನ ಕೈಗೆ ಆ ಡಬ್ಬಿಯನ್ನೇ ಇಟ್ಟರು. ಒಳಗೆ ಬಿಸಿ ಕಡುಬು.

ಡಬ್ಬಿ ಹಿಡಿದು ಥಿಯೇಟರಿನ ಟೀ ಕೋಣೆಗೆ ಬಂದರೆ ಮೇಡಂ ಅಲ್ಲೇ ಇದ್ದರು. "ಏನಪಾ ಅದು?" ಎಂದರು. "ಕಡುಬು ಮೇಡಂ. ಮಲ್ಲೇಶಪ್ಪನವರು ಕೊಟ್ಟರು" ಎಂದೆ. "ಯಾಕ?" ಎಂದರು. "ಸುಮ್ಮನೆ ಮೇಡಂ" ಎಂದೆ.

"ಸುಮ್ಮನ ಅಂದ್ರ?"

ನಾನು ಒಂದು ಇಡೀ ಕಡುಬನ್ನು ಬಾಯಿಗೆ ತುಂಬಿಕೊಂಡು, ಮಾತಾಡಲಾಗದು ಎಂದು ಕೈಸನ್ನೆ ಮಾಡಿದೆ. ಆದರೆ ಹೊಟ್ಟೆ ಖಾಲಿಯಾಗಲಿ ಎಂದು ಎಂಟೆಂಟು ಗಂಟೆ ಕಾಯುವವರಿಗೆ ಬಾಯಿ ಖಾಲಿಯಾಗುವುದು ಯಾವ ಲೆಕ್ಕ? ಮೇಡಂ ಸ್ಟೂಲು ಎಳೆದುಕೊಂಡು ನನ್ನೆದುರಿಗೆ ಕುಳಿತರು.